ಜ್ವರದ ನವರಾತ್ರಿ

ಮೊನ್ನೆ ಮೊಮ್ಮಗಳು ಒಲೆಯ ಮೇಲೆ ಗಂಜಿ ಇಟ್ಟು ಯಾರೊಡನೆಯೋ ಮಾತಿಗೆ ಕೂತಳು, ಮರೆತಳು. ಅಕ್ಕಿ ಸೀದ ವಾಸನೆ ಅಡುಗೆಮನೆಯಿಂದ ಎದ್ದು ನಡುಮನೆಯವರೆಗೆ ಬಂತು. ಅವಳು ನಗುತ್ತಲೇ ಓಡಿಹೋಗಿ ಪಾತ್ರೆ ಇಳಿಸಿದಳು. ನನಗೆ ನಗು ಬರಲಿಲ್ಲ. ಈಗ ಯಾರೋ ಬಂದು ಹೊಸ್ತಿಲಲ್ಲಿ ನಿಂತು ಜ್ವರ ಬಿದ್ದ ಮತ್ತೊಂದು ಮನೆಯ ಹೆಸರು ಹೇಳುತ್ತಾರೆ ಎಂಬಂತೆ ಬಾಗಿಲ ಕಡೆ ನೋಡಿದೆ. ವಯಸ್ಸಾದ ಮೇಲೆ ಎಷ್ಟೋ ಮರೆತಿದ್ದೇನೆ, ಹಬ್ಬಗಳೂ ಮದುವೆಗಳೂ ಒಂದರೊಳಗೊಂದು ಕಲೆತುಹೋಗಿವೆ. ಆ ಒಂದು ನವರಾತ್ರಿ ಮಾತ್ರ ಬೇರೆಯಾಗಿ, ಹಾಗೇ, ಮೂಗಿನಲ್ಲಿ ಉಳಿದುಕೊಂಡಿದೆ.

ಮೊದಲನೆಯ ಮಹಾಯುದ್ಧ ಮುಗಿಯಲು ಬಂದಿದ್ದ ವರ್ಷ ಅದು. ಮಳೆ ಕೈಕೊಟ್ಟಿತ್ತು. ಭಾದ್ರಪದದಲ್ಲಿಯೇ ಪುಣೆಯ ಮುಠಾ ನದಿ ಸೊರಗಿ, ಲಕಡಿ ಪುಲ್ ಸೇತುವೆಯ ಕೆಳಗೆ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಮುಂಬೈಯಿಂದ ರೈಲಿನಲ್ಲಿ ಹೊಸ ಜ್ವರ ಬಂದಿದೆಯಂತೆ ಎಂದಾಗ ಜನ ಅದನ್ನೊಂದು ನೆಗಡಿಯೆಂದೇ ತಿಳಿದರು. ಆಮೇಲೆ ಬೆಳಿಗ್ಗೆ ಹಾಲು ಹಾಕಿಹೋದ ಗವಳಿ ಸಂಜೆ ಬರಲಿಲ್ಲ. ಅವನ ಬದಲು ಬಂದ ತಮ್ಮ ಮರುದಿನ ಬರಲಿಲ್ಲ. ಹೆಣ ಸುಡುವ ಓಂಕಾರೇಶ್ವರದ ಘಾಟಿನ ಹೊಗೆ, ಗಾಳಿ ಬೀಸದ ದಿನ, ಪೇಟೆಯ ಮೇಲೆಯೇ ನಿಂತುಬಿಡುತ್ತಿತ್ತು. ಮೊದಮೊದಲು ಹೆಣದ ಹಿಂದೆ ರಾಮನಾಮ ಕೇಳಿಸುತ್ತಿತ್ತು. ಬರಬರುತ್ತ ಅದೂ ನಿಂತು ಬರಿಯ ಕಾಲ ಸಪ್ಪಳ ಉಳಿಯಿತು. ಹೆಸರು ಹಿಡಿದು ಅಳುವುದಕ್ಕೂ ಜನರಿಗೆ ತ್ರಾಣವಿರಲಿಲ್ಲ. ನಾನು ಆ ಸಪ್ಪಳ ನಮ್ಮ ವಾಡೆಯ ದಿಂಡಿ ಬಾಗಿಲು ದಾಟಿ ಮುಂದೆ ಹೋಗುವ ತನಕ ಉಸಿರು ಹಿಡಿದು ನಿಲ್ಲುತ್ತಿದ್ದೆ.

ನಮ್ಮದು ಕಸಬಾ ಪೇಠೆಯಲ್ಲಿ, ಒಂದೇ ಅಂಗಳಕ್ಕೆ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ, ಮಾಳಿಗೆಯ ಮೇಲೆ, ಎರಡು ಕೋಣೆಯ ಸಂಸಾರ. ಮಾವನವರ ತಂದೆಯ ಕಾಲಕ್ಕೇ ಧಾರವಾಡದ ಕಡೆಯಿಂದ ಬಂದ ಮನೆತನ. ನಾನು ಹುಟ್ಟಿದ್ದೂ ಪುಣೆಯಲ್ಲಿಯೇ. ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಕನ್ನಡವೆಲ್ಲ ಅಜ್ಜಿಯೂ ಸೋದರತ್ತೆಯರೂ ಕಾಳು ಆರಿಸುತ್ತ, ಹೂಬತ್ತಿ ಹೊಸೆಯುತ್ತ, ಒಬ್ಬರನ್ನೊಬ್ಬರು ಚುಚ್ಚುತ್ತ ಆಡಿದ ಮಾತಿನಿಂದ ಬಂದದ್ದು. ಹೊಸ್ತಿಲು ದಾಟಿದರೆ ಮರಾಠಿ. ಆದರೂ ಓಣಿಯವರಿಗೆ ನಾನು ಕಡೆಯವರೆಗೂ ‘ಕಾನಡೀ ವಹಿನಿ’, ಅಂದರೆ ಕನ್ನಡದ ಅತ್ತಿಗೆ. ಓಣಿಯ ನೀರಿನ ತೊಟ್ಟಿಯಾದ ಹೌದದ ಹತ್ತಿರ ನನ್ನ ಮರಾಠಿಯ ಧಾಟಿಗೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವರು. ಹೀಗಾಗಿ ನಾನು ಕೊಡ ತುಂಬಿದೊಡನೆ ಮನೆ ಸೇರುವವಳು.

ನಮ್ಮವರು ದೌಂಡ ಜಂಕ್ಷನ್ನಿನ ಗೂಡ್ಸ್ ಆಫೀಸಿನಲ್ಲಿ ಕಾರಕೂನರು. ವಾರಕ್ಕೊಮ್ಮೆ ಬರುತ್ತಿದ್ದವರು ಆ ದಿನಗಳಲ್ಲಿ ಬರಲಿಲ್ಲ. ಅಲ್ಲಿಯೂ ಜನ ಮಲಗಿ, ಎದ್ದಿದ್ದವರಿಗೆ ರಜೆ ಇಲ್ಲವೆಂದು ಗುರುತಿನ ಗಾರ್ಡೊಬ್ಬರು ಹೇಳಿಹೋದರು. ಮನೆಯಲ್ಲಿ ನಾನು, ಆಗತಾನೆ ನಡೆಯಲು ಕಲಿತಿದ್ದ ಮಗ ವಾಸು, ಅತ್ತೆ ಭೀಮಕ್ಕ.

ಅತ್ತೆಯ ಮಡಿಯೆಂದರೆ ಇಡೀ ವಾಡೆ ದಾರಿ ಬಿಡುತ್ತಿತ್ತು. ವಿಧವೆಯರು ಉಡುವ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಅವರು ನೀರಿಗಿಳಿದರೆ ಮಕ್ಕಳು ಗೋಡೆಗೆ ಅಂಟಿ ನಿಲ್ಲುತ್ತಿದ್ದವು. ಮಾವನವರನ್ನು ಹಿಂದಿನ ಪ್ಲೇಗಿನಲ್ಲಿ ಊರ ಹೊರಗಿನ ರೋಗಿಗಳ ಛಪ್ಪರಕ್ಕೆ ಕರೆದುಕೊಂಡು ಹೋದರಂತೆ. ಹೋಗುವಾಗ ತಿರುಗಿ ನೋಡಿದರಂತೆ. ಆಮೇಲೆ ಅತ್ತೆ ಅವರನ್ನು ಕಾಣಲಿಲ್ಲ. ಅಂದಿನಿಂದ ಅವರು ಜಡ್ಡಿನವರ ಮನೆಯ ಹೊಸ್ತಿಲು ತುಳಿದವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮಡಿಯನ್ನು ನಾನು ಬರಿಯ ಭಕ್ತಿಯೆಂದು ತಿಳಿದಿದ್ದೆ. ಜೊತೆಗಿದ್ದು ನೋಡಿದ ಮೇಲೆ, ಅದರಲ್ಲಿ ಅರ್ಧ ಹೆದರಿಕೆಯೆಂದು ಗೊತ್ತಾಯಿತು.

ವಾಡೆಯ ಕೆಳಗಿನ ಅಂಗಳದಲ್ಲಿ ಪೇಟೆಯ ಕೆಲವು ಹೆಂಗಸರು ಸೇರಿ ಗಂಜಿ ಕಾಯಿಸತೊಡಗಿದ್ದರು. ಯಮೂತಾಯಿ ಎಂಬ ನಡುವಯಸ್ಸಿನ ವಿಧವೆ ಅವರ ಮುಂದಾಳು. ಗಂಡಸಿನ ಹೆಜ್ಜೆ, ಗಂಡಸಿನ ದನಿ. ದೊಡ್ಡ ಹಿತ್ತಾಳೆ ಹಂಡೆಯಲ್ಲಿ ಕೈಯಾಡಿಸುವವರು ಗಳಿಗೆಗೊಬ್ಬರು ಬದಲಾಗುತ್ತಿದ್ದುದರಿಂದ ಆ ಗಂಜಿ ದಿನಾಲೂ ಸೀಯುತ್ತಿತ್ತು. ಅಂಥ ಗಂಜಿಯನ್ನೇ ಬಿಂದಿಗೆಗೆ ತುಂಬಿಕೊಂಡು, ಮನೆಮಂದಿಯೆಲ್ಲ ಮಲಗಿದ ಮನೆಗಳಿಗೆ ಹೋಗಿ ಕುಡಿಸಿ ಬರುವುದು ಅವರ ಕೆಲಸ. ಅತ್ತೆ ಮಾಳಿಗೆಯ ಕಿಟಕಿಯಿಂದ ಇದನ್ನೆಲ್ಲ ನೋಡಿ, ಯಾರ ಮನೆಯನ್ನೂ ಬಿಡದೆ, ಯಾರನ್ನೂ ಬಿಡದೆ ಮುಟ್ಟಿ ಬರುವ ಯಮೂತಾಯಿಗೆ ‘ಮೈಲಿಗಿ ಮಹಾರಾಣಿ’ ಎಂದು ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ಆ ಮಹಾರಾಣಿ ನಮ್ಮ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದರು. ಹಿಂದಿನ ಓಣಿಯಲ್ಲೊಂದು ವಾಡೆಯಿದೆ, ಅಲ್ಲಿರುವವರೆಲ್ಲ ಗದಗ, ಹಾವೇರಿ, ಬೆಳಗಾವಿ ಕಡೆಯ ಗುಮಾಸ್ತರು, ಅಂಗಡಿಯವರು. ಊರಿಗೆ ಹೋಗಬಲ್ಲವರು ಹೋಗಿಬಿಟ್ಟಿದ್ದಾರೆ. ಉಳಿದವರು ಒಳಗಿನಿಂದ ಅಗಳಿ ಹಾಕಿಕೊಂಡಿದ್ದಾರೆ, ಬಡಿದರೂ ತೆಗೆಯುತ್ತಿಲ್ಲ. ಪ್ಲೇಗಿನ ಕಾಲದಲ್ಲಿ ಸೋಲ್ಜರರು ಮನೆ ಹೊಕ್ಕದ್ದು ಜನಕ್ಕೆ ಮರೆತಿಲ್ಲ, ನನ್ನಂಥವಳ ಮರಾಠಿ ಕೇಳಿದರೆ ಮತ್ತೆ ಎಳೆದೊಯ್ಯಲು ಬಂದರೆಂದೇ ತಿಳಿಯುತ್ತಾರೆ, ನೀನು ಬಂದು ಬಾಗಿಲ ಹೊರಗೆ ನಿಂತು ನಾಲ್ಕು ಮಾತು ಆಡು, ಸಾಕು ಎಂದರು.

ಸೊಂಟದ ಮೇಲೆ ವಾಸು ಇದ್ದ. ಆಗುವುದಿಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಅತ್ತೆಯೇ ಹೇಳಿದರು, ಹರಕುಮುರುಕು ಮರಾಠಿಯಲ್ಲಿ, ನಮ್ಮ ಸೊಸೆ ಬರುವುದಿಲ್ಲ ಎಂದು. ಯಮೂತಾಯಿ ಸಿಟ್ಟಾಗಲಿಲ್ಲ. ತಲೆಯೆತ್ತಿ ಒಂದೇ ಒಂದು ಮಾತು ಕೇಳಿದರು: ನಿನ್ನೆಯಿಂದ ಅಲ್ಲಿ ಒಬ್ಬ ಹುಡುಗಿ ನೀರು ನೀರು ಎನ್ನುತ್ತಿದ್ದಾಳೆ, ನಿಮ್ಮ ಭಾಷೆಯಲ್ಲಿ ನೀರು ಅಂದರೆ ಪಾಣಿಯೇ ಹೌದಲ್ಲವೇ?

ಅತ್ತೆ ಕಿಟಕಿಯಿಂದ ಸರಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ನನಗೆ ಹೇಳಿದರು, ಹೋಗುವುದಿದ್ದರೆ ಹೋಗು. ಆದರೆ ತಿರುಗಿ ಬಂದವಳು ಕೆಳಗಿನ ಬಾವಿಯಲ್ಲಿ ಸೀರೆ ಸಹಿತ ತಲೆಮೇಲೆ ನೀರು ಹಾಕಿಕೊಳ್ಳಬೇಕು, ಕೂದಲು ಆರುವ ತನಕ ಕೂಸನ್ನು ಮುಟ್ಟಬಾರದು, ದೇವರ ಮೂಲೆಗಂತೂ ಈ ಜ್ವರ ಮುಗಿಯುವ ತನಕ ಹೋಗಕೂಡದು. ಆ ಕಟ್ಟಳೆಯೇ ನಮ್ಮ ಕೂಸನ್ನು ಕಾಪಾಡಿತೋ ಏನೋ, ಈಗ ಅನ್ನಿಸುತ್ತದೆ.

ಆ ಓಣಿಗೆ ಹೋಗುವಾಗ ಗೋಡೆಗಳನ್ನು ಮುಟ್ಟದೆ ನಡುವೆ ನಡೆದೆ. ಬಾಗಿಲ ಮುಂದೆ ನಿಂತಾಗ ಏನು ಹೇಳಬೇಕೋ ತಿಳಿಯದೆ, ನಮ್ಮಜ್ಜಿ ಮುನಿಸಿಕೊಂಡು ಕೂತವರನ್ನು ಊಟಕ್ಕೆ ಎಬ್ಬಿಸುವಾಗ ಅನ್ನುತ್ತಿದ್ದ ಮಾತೇ ಬಾಯಿಗೆ ಬಂತು.

“ಏಳ್ರಿ, ತುಸು ಬಾಯಿ ತಂಪ ಮಾಡಿಕೊಳ್ರಿ. ನಮ್ಮವರ ಇದ್ದೇವಿ, ಯಾರನ್ನೂ ಎಲ್ಲೂ ಒಯ್ಯೂದಿಲ್ಲ.”

ಒಳಗೆ ಏನೋ ಸರಿದ ಸದ್ದು. ತೆವಳುವ ಸದ್ದು. ಆಮೇಲೆ ಅಗಳಿ ಕಳಚಿತು. ಆ ಸದ್ದನ್ನು ಕೇಳಿದಾಗ ಮೈಯೆಲ್ಲ ಹೆದರಿಕೆಯಿದ್ದರೂ, ಒಳಗೊಂದು ಮೂಲೆಯಲ್ಲಿ, ಹೇಳಲು ನಾಚಿಕೆಯಾಗುವಂಥ ಹಿಗ್ಗು ಎದ್ದಿತು. ಹೌದದ ಹತ್ತಿರ ನಗೆಗೀಡಾಗಿದ್ದ ನಾಲಿಗೆಗೆ ಇಷ್ಟು ದಿನಕ್ಕೆ ಒಂದು ಕೆಲಸ ಸಿಕ್ಕಿತ್ತು. ಮರುದಿನ ಯಾರೂ ಕರೆಯದೆ ನಾನೇ ಇಳಿದುಹೋಗಿ ಬಿಂದಿಗೆ ಎತ್ತಿಕೊಂಡೆ. ಕೆಲಸ ಹಿತವಾಗಿತ್ತು, ಭಯ ಮಾತ್ರ ದಿನದಿನಕ್ಕೆ ಹೆಚ್ಚಿತು. ನಿನ್ನೆ ಕೈಯಿಂದ ಲೋಟ ಹಿಡಿದವರು ಇಂದು ಹಿಡಿಯುತ್ತಿರಲಿಲ್ಲ. ಬಾವಿಯ ನೀರು ಸುರಿದುಕೊಂಡು ಕೂದಲು ಆರಿಸುತ್ತ ಕೂತಾಗ ವಾಸು ದೂರದಿಂದ ಕೈ ಚಾಚಿ ಅಳುವನು. ನಾನು ನನ್ನ ಉಸಿರನ್ನೇ ಅನುಮಾನದಿಂದ ನೋಡುತ್ತಿದ್ದೆ.

ನೀರು ಕೇಳಿದ ಹುಡುಗಿ ತುಂಗಾ. ಹೆಚ್ಚುಕಡಿಮೆ ನನ್ನ ವಾರಿಗೆಯವಳು. ಹಾವೇರಿ ಕಡೆಯ ಹಳ್ಳಿಯಿಂದ ಬಂದು ವರ್ಷವೂ ತುಂಬಿರಲಿಲ್ಲ. ಗಂಡ ರಾಘಣ್ಣ ಬುಧವಾರ ಪೇಠೆಯ ಅರಿವೆ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಹಿರಿಯರಿಲ್ಲ. ಆ ವಾಡೆಯ ಅವರ ಮಗ್ಗಲಿನ ಕೋಣೆಗಳಿಗೆಲ್ಲ ಬೀಗ ಹಾಕಿತ್ತು. ಗಂಡ ಹೊರಗಿನ ಕೋಣೆಯಲ್ಲಿ, ಹೆಂಡತಿ ಒಳಗಿನ ಕೋಣೆಯಲ್ಲಿ ಗೋಡೆಯ ಗೂಡಾದ ದೇವರ ಮಾಡದ ಎದುರಿಗೇ ಮಲಗಿದ್ದರು. ಮಾಡದಲ್ಲಿ ಘಟ ಕೂರಿಸಿ ನಂದಾದೀಪ ಹಚ್ಚಿದ್ದರು. ನವರಾತ್ರಿ ಮುಗಿಯುವ ತನಕ ಆ ದೀಪ ಆರಕೂಡದು. ನಮ್ಮ ಕಡೆ ಎಲ್ಲ ಮನೆಗಳಲ್ಲಿಯೂ ಇರುವ ಪದ್ಧತಿ. ಘಟ ಕೂರಿಸಿದ ದಿನ ಇಬ್ಬರೂ ಚೆನ್ನಾಗಿದ್ದರಂತೆ. ಮಾರನೆಯ ದಿನವೇ ಮಲಗಿದರಂತೆ.

ಯಮೂತಾಯಿಯ ಗಂಜಿ ಮಂಡಳಿಯ ಜೊತೆಗೆ ತಿರುಗುತ್ತಿದ್ದ ಎಳೆಯ ಡಾಕ್ಟರರು ಇಬ್ಬರನ್ನೂ ನೋಡಿದರು. ರಾಘಣ್ಣನ ಉಸಿರು ಕೆಟ್ಟಿದೆ, ಶಾಲೆಯೊಂದರಲ್ಲಿ ತೆರೆದಿರುವ ತಾತ್ಕಾಲಿಕ ದವಾಖಾನೆಗೆ ಈಗಲೇ ಒಯ್ಯಬೇಕು ಎಂದರು. ತುಂಗಾ ಅಲುಗಾಡಕೂಡದು, ಎದೆ ಸೋತಿದೆ, ಎದ್ದು ಓಡಾಡಿದರೆ ಅಲ್ಲಿಯೇ ನಿಂತುಹೋದೀತು ಎಂದರು. ಯಾರನ್ನೂ ಒಯ್ಯುವುದಿಲ್ಲವೆಂದು ಬಾಗಿಲಲ್ಲಿ ನಿಂತು ಮಾತು ಕೊಟ್ಟವಳು ನಾನು. ಈಗ ಆ ಮಾತನ್ನು ಅವಳಿಗೆ ನಾನೇ ತಿರುಗಿಸಿ ಹೇಳಬೇಕಾಯಿತು. ಅವಳು ಅಳುತ್ತಾಳೆಂದು ಅಂಜಿದ್ದೆ. ಅವಳು ಮಾಡದ ಕಡೆ ನೋಡಿ, ಒಯ್ಯಲಿ ಬಿಡ್ರಿ, ದೀಪ ಇರೋ ತನಕ ಅವರಿಗೆ ಏನೂ ಆಗುವುದಿಲ್ಲ ಎಂದಳು. ಆ ನಿಶ್ಚಿಂತೆ ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು.

ಗಂಜಿ ಇಳಿಯುತ್ತಿತ್ತು, ಔಷಧ ಇಳಿಯುತ್ತಿತ್ತು, ಸಂಜೆಗೆ ಮೈ ಸ್ವಲ್ಪ ತಣ್ಣಗಾಗುತ್ತಿತ್ತು. ಆದರೆ ಮರುದಿನ ಹೋಗಿ ನೋಡಿದರೆ ಮೊದಲಿಗಿಂತ ಕೆಟ್ಟು, ಹಲ್ಲು ಕಟಕಟ ಕಡಿಯುತ್ತ ಬಿದ್ದಿರುತ್ತಿದ್ದಳು. ತುಟಿ ನೀಲಿಗೆ ತಿರುಗಿರುತ್ತಿತ್ತು. ಡಾಕ್ಟರರಿಗೂ ತಿಳಿಯಲಿಲ್ಲ, ಯಮೂತಾಯಿಗೂ ತಿಳಿಯಲಿಲ್ಲ. ಇವಳೂ ಹೋಗುತ್ತಾಳೆ ಎಂದು ಅವರು ಮೆಲ್ಲಗೆ ನನಗೆ ಹೇಳಿಬಿಟ್ಟರು.

ಆ ದಿನ ಅವಳಿಗೆ ಹೊದೆಯಲು ಇನ್ನೊಂದು ಕೌದಿ ಸಿಕ್ಕೀತೆಂದು ಹಿಂದಿನ ಪಡಸಾಲೆಗೆ ಹೋದೆ. ಮೇಲೆ ಗಳದ ಮೇಲೆ ಒಂದು ಸೀರೆ ಆರಲು ಹಾಕಿತ್ತು. ಅದರ ಅಂಚಿನಿಂದ ಹನಿ ಬೀಳುತ್ತಿತ್ತು. ಯಮೂತಾಯಿ ನನ್ನ ಹಿಂದೆಯೇ ಬಂದು ನೋಡಿ, ನೆರೆಯವರು ಯಾರೋ ಒಗೆದು ಹಾಕಿರಬೇಕು, ಒಳ್ಳೆಯದಾಯಿತು ಎಂದು ತಿರುಗಿ ಹೋದರು. ನಾನು ಅಲ್ಲಿಯೇ ಉಳಿದೆ. ನೆರೆಯಲ್ಲಿ ಯಾರಿದ್ದರು? ಬಚ್ಚಲ ಕಲ್ಲು ತೊಯ್ದಿತ್ತು. ತಣ್ಣೀರಿನ ಹಂಡೆ ಅರ್ಧವಾಗಿತ್ತು. ಮಡಿ ಅರಿವೆಯನ್ನು ಕೈ ಮುಟ್ಟದೆ ಗಳಕ್ಕೇರಿಸುವ ಕೋಲು, ಹಿಡಿದವರ ಕೈಯಿಂದ ಜಾರಿದಂತೆ, ನೆಲದ ಮೇಲೆ ಅಡ್ಡ ಬಿದ್ದಿತ್ತು. ನನ್ನ ಅತ್ತೆಯ ಮನೆಯಲ್ಲಿ ದಿನಾ ಕಾಣುವ ನೋಟ ಅದು. ಅದಕ್ಕೇ ಅರ್ಥವಾಯಿತು. ಸುಡುವ ಜ್ವರದಲ್ಲಿ ಈ ಹುಡುಗಿ ಬೆಳಗಾಗುವ ಮೊದಲು ಗೋಡೆ ಹಿಡಿದು ಎದ್ದು ಬಂದು, ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ನಡುಗುತ್ತ ಹೋಗಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಮಡಿಯಿಲ್ಲದೆ ನಂದಾದೀಪ ಮುಟ್ಟುವಂತಿಲ್ಲವಲ್ಲ.

ಅವಳ ಹತ್ತಿರ ಕೂತು ಕೇಳಿದೆ. ಅಲ್ಲಗಳೆಯಲಿಲ್ಲ.

“ಮತ್ತ ಯಾರ ಹಾಕಬೇಕ್ರಿ?” ಎಂದಳು.

“ನಾ ಹಾಕತೇನಿ. ಸ್ನಾನ ಮಾಡಿ ಬಂದು ಹಾಕತೇನಿ.”

“ನೀವು ಬ್ಯಾಡ್ರೀ ಅಕ್ಕಾ. ಸತ್ತವರ ಮನೀ ಸುದ್ದಾ ಹೊಕ್ಕು ಬರತೀರಿ. ಸಿಟ್ಟಾಗಬ್ಯಾಡ್ರಿ. ನಮ್ಮನಿಯವರ ಜೀವಾ ಆ ದೀಪದಾಗ ಅದ.”

ಬೈದೆ, ಬೇಡಿಕೊಂಡೆ. ನೀನು ಹೋದರೆ ಆ ದೀಪ ನೋಡುವವರು ಯಾರು ಎಂದೂ ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ನಾಳೆ ಬೆಳಿಗ್ಗೆಯೂ ಅವಳು ಏಳುತ್ತಾಳೆ, ಬಹುಶಃ ಅದೇ ಕೊನೆ ಎಂಬುದು ನನಗೆ ಆ ಮುಚ್ಚಿದ ಕಣ್ಣಿನಲ್ಲಿ ಕಾಣಿಸಿತು.

ಮನೆಗೆ ಬಂದು, ತಲೆ ಒರೆಸಿಕೊಳ್ಳುತ್ತ, ದೂರ ಕೂತಿದ್ದ ಅತ್ತೆಗೆ ಎಲ್ಲ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು. ಕೂದಲು ಆರಿದ ಮೇಲೆ ವಾಸುವನ್ನು ಎತ್ತಿಕೊಂಡೆ. ಅವನ ಹಣೆ ಸುಡುತ್ತಿತ್ತು. ಕೈ ತೊಳೆದು ಬಂದು ಮತ್ತೆ ಮುಟ್ಟಿದೆ, ಕೆನ್ನೆ ಮುಟ್ಟಿದೆ, ಕಾಲು ಮುಟ್ಟಿದೆ. ತುಂಗಾ, ಗಂಜಿ, ಮಂಡಳಿ ಎಲ್ಲ ಒಮ್ಮೆಲೇ ಮನಸ್ಸಿನಿಂದ ಬಿದ್ದುಹೋದವು. ಇನ್ನು ನಾನು ಈ ಬಾಗಿಲು ದಾಟುವುದಿಲ್ಲ, ಯಾರು ಸತ್ತರೂ ದಾಟುವುದಿಲ್ಲ ಎಂದು ಅತ್ತೆಯ ಮುಂದೆ ಹೇಳಿದೆ. ಅವರು ಹೊಸೆದ ಬತ್ತಿಗಳನ್ನು ಎತ್ತಿಟ್ಟರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿದವಳು ಯಾವಾಗ ಕಣ್ಣು ಮುಚ್ಚಿದೆನೋ. ಎಚ್ಚರವಾದಾಗ ಕಿಟಕಿ ಬೆಳ್ಳಗಾಗುತ್ತಿತ್ತು. ವಾಸುವಿನ ಮೈ ತಣ್ಣಗಿತ್ತು. ಹಗಲೆಲ್ಲ ಅಜ್ಜಿಯ ಒಲೆಯ ಮುಂದೆ ಆಡಿ ಕಾದ ಮೈಯಷ್ಟೇ ಅದು. ಅವನು ಹಸಿವೆಂದು ಅಳತೊಡಗಿದ. ಅತ್ತೆಯನ್ನು ಕರೆದೆ. ಉತ್ತರವಿಲ್ಲ. ಗಳದ ಮೇಲೆ ಅವರ ಮಡಿ ಸೀರೆಯಿರಲಿಲ್ಲ, ಮೂಲೆಯಲ್ಲಿ ಎಣ್ಣೆಯ ಗಿಂಡಿಯಿರಲಿಲ್ಲ.

ಕೂಸನ್ನು ಕೆಳಗಿನ ಮನೆಯವರ ಕೈಗೆ ಕೊಟ್ಟು ಓಡಿದೆ. ಅತ್ತೆ ತುಂಗಾಳ ಮನೆಯ ಬಾಗಿಲಲ್ಲಿ ನಿಂತಿದ್ದರು. ಒದ್ದೆ ಸೀರೆಯಿಂದ ನೀರಿಳಿದು ಹೊಸ್ತಿಲ ಹೊರಗೆ ಮಡುಗಟ್ಟಿತ್ತು. ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ. ತುಂಗಾ ಆಗಲೇ ಮೊಣಕೈ ಊರಿ ಏಳಲು ಹವಣಿಸುತ್ತ, ಬಾಗಿಲಲ್ಲಿ ಕಂಡ ಕೆಂಪು ಸೀರೆಗೆ ಬೆಚ್ಚಿ ಹಾಗೇ ಉಳಿದಿದ್ದಳು.

“ನಾ ಕೃಷ್ಣಾನ ಅತ್ತಿ,” ಎಂದರು ಅತ್ತೆ, ನನ್ನ ಹೆಸರು ಹೇಳಿ. “ಮಡೀಲೆ ಬಂದೇನಿ, ಹಾದ್ಯಾಗ ಯಾರನ್ನೂ ಮುಟ್ಟಿಲ್ಲ. ದೀಪಕ್ಕ ನಾ ಎಣ್ಣಿ ಹಾಕತೇನಿ. ಆದರ ಮೊದಲ ನನ್ನ ಹಣೀ ನೋಡವಾ. ನೋಡಿ ಆಮ್ಯಾಲ ಹೂಂ ಅನ್ನು. ಬ್ಯಾಡ ಅಂದರ ತಿರುಗಿ ಹೋಗತೇನಿ, ಸಿಟ್ಟಿಲ್ಲ.”

ಅವರಿಗೆ ಜ್ವರದ ಭಯವಷ್ಟೇ ಇರಲಿಲ್ಲವೆಂದು ನನಗೆ ತಿಳಿದದ್ದು ಆಗಲೇ. ಗಂಡನ ಜೀವವೆಂದು ನಂಬಿ ಮುತ್ತೈದೆಯೊಬ್ಬಳು ಕಾಯುತ್ತಿರುವ ದೀಪಕ್ಕೆ ವಿಧವೆಯಾದ ತನ್ನ ಕೈಯ ಎಣ್ಣೆ ಬಿದ್ದರೆ ಏನಾದೀತೋ ಎಂದು ಅವರು ಒಳಗೇ ನಡುಗುತ್ತಿದ್ದರು. ಬಹಳ ಹೊತ್ತು ತುಂಗಾ ಅವರ ಬರಿಯ ಹಣೆಯನ್ನು ನೋಡಿದಳು.

“ನಮ್ಮವ್ವನೂ ಹಿಂಗ ಇದ್ದಾಳ್ರೀ,” ಎಂದಳು. “ನಮ್ಮನ್ಯಾಗ ದೀಪಾ ಆಕೀನ ನೋಡತಾಳ. ಬರ್ರಿ.”

ಅತ್ತೆ ಹೊಸ್ತಿಲು ದಾಟಿದರು. ತುಂಗಾ ದಿಂಬಿನ ಮೇಲೆ ತಲೆಯಿಟ್ಟಳು. ಅಂದಿನಿಂದ ಅವಳು ದೀಪಕ್ಕಾಗಿ ಏಳಲಿಲ್ಲ.

ಮುಂದಿನ ದಿನಗಳಲ್ಲಿ ನಮ್ಮ ಓಣಿ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಸಂಜೆ ಭೀಮಕ್ಕ ಗಿಂಡಿ ಹಿಡಿದು ನಡೆದು ಬಂದರೆ, ಅವರಿಗಿಂತ ಇಪ್ಪತ್ತು ಮಾರು ಮುಂದೆ ಯಮೂತಾಯಿ ಹೋಗುತ್ತ, ಸರಿಯಿರಿ, ಸರಿಯಿರಿ, ಸೋವಳ್ಯಾತಲೀ ಆಜೀ ಬರುತ್ತಿದ್ದಾಳೆ, ಅಂದರೆ ಮಡಿಯ ಅಜ್ಜಿ ಬರುತ್ತಿದ್ದಾಳೆ ಎಂದು ದಾರಿ ಬಿಡಿಸುತ್ತಿದ್ದರು. ಅತ್ತೆ ಹಿಂದಿನಿಂದ, ಈ ಮೈಲಿಗಿ ಮಹಾರಾಣಿಗೆ ಹೇಳು, ಇನ್ನಷ್ಟು ಮುಂದ ಹೋಗಲಿ, ಆಕಿ ಗಾಳಿ ನನಗ ತಾಗದ್ಹಾಂಗ ಹೋಗಲಿ ಎಂದು ನನಗೆ ಹೇಳುವರು. ನಾನು ಅದನ್ನು ಮರಾಠಿಗೆ ತಿರುಗಿಸುವಾಗ ತುಸು ಮೆತ್ತಗೆ ಮಾಡಿ ಹೇಳುತ್ತಿದ್ದೆ. ಯಮೂತಾಯಿಗೆ ಪೂರಾ ಅರ್ಥವಾಗುತ್ತಿತ್ತೆಂದು ಅವರ ನಗುವಿನಿಂದ ಗೊತ್ತಾಗುತ್ತಿತ್ತು. ತುಂಗಾಳ ಜ್ವರ ಇಳಿಯತೊಡಗಿತು. ನನ್ನ ಭಯ ಮಾತ್ರ ಈಗ ಅತ್ತೆಗೂ ಹಬ್ಬಿಕೊಂಡಿತ್ತು. ಅವರು ಒಮ್ಮೆ ಸೀನಿದರೆ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು.

ಅಷ್ಟಮಿಯ ಮಧ್ಯಾಹ್ನ ಯಮೂತಾಯಿ ಅಂಗಳದಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ದವಾಖಾನೆಯಲ್ಲಿ ರಾಘಣ್ಣ ತೀರಿಕೊಂಡಿದ್ದ. ಅಂಗಡಿಯ ಜೊತೆಗಾರರು ಓಂಕಾರೇಶ್ವರಕ್ಕೆ ಒಯ್ದಾಗಿತ್ತು. ಹುಡುಗಿಗೆ ಈಗ ಹೇಳಿದರೆ ಎದೆ ತಡೆಯುವುದಿಲ್ಲ, ಸ್ವಲ್ಪ ಬಲ ಬರಲಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು.

ಅತ್ತೆಗೆ ನಾನೇ ಹೇಳಿದೆ. ಅವರು ಗಿಂಡಿಯನ್ನು ಕೆಳಗಿಟ್ಟರು. ಸಾವಾದ ಮೇಲೆ ಆ ಮನೆಗೆ ಸೂತಕ. ಸೂತಕದ ಮನೆಯಲ್ಲಿ ಪೂಜೆಯಿಲ್ಲ, ಘಟಕ್ಕೆ ನೀರಿಲ್ಲ, ದೀಪಕ್ಕೆ ಎಣ್ಣೆಯಿಲ್ಲ. ಅತ್ತೆಯ ಇಡೀ ಬಾಳು ಇಂಥ ಕಟ್ಟಳೆಗಳ ಮೇಲೆ ನಿಂತಿತ್ತು. ಅವುಗಳಲ್ಲಿ ಒಂದನ್ನು ಎಲ್ಲಿಯೋ ತಾನು ತಪ್ಪಿದ್ದಕ್ಕೇ ಮಾವನವರು ಹೋದರೆಂದು ಅವರು ಒಳಗೊಳಗೆ ನಂಬಿದ್ದರೆಂದು ನನ್ನ ಎಣಿಕೆ. ಸಂಜೆಯ ಎಣ್ಣೆಯ ಹೊತ್ತಾಯಿತು. ಕತ್ತಲಾದರೆ ತುಂಗಾ ಮಾಡದ ಕಡೆ ತಿರುಗುತ್ತಾಳೆ. ಅಲ್ಲಿ ಬೆಳಕಿಲ್ಲದಿದ್ದರೆ ನಾವು ಯಾರೂ ಅವಳಿಗೆ ಏನನ್ನೂ ಹೇಳಬೇಕಾಗುವುದಿಲ್ಲ.

ಅತ್ತೆ ಎದ್ದರು, ಬಾವಿಗಿಳಿದು ಸ್ನಾನ ಮಾಡಿದರು, ಗಿಂಡಿ ಎತ್ತಿಕೊಂಡರು. ಆ ಮನೆಯ ಹೊಸ್ತಿಲಿಗೆ ಬಂದಾಗ ಮೊದಲ ದಿನದಂತೆಯೇ ಮತ್ತೆ ನಿಂತುಬಿಟ್ಟರು. ಅವರ ತುಟಿ ಏನೋ ಮಂತ್ರ ಹೇಳುತ್ತಿತ್ತು, ಅಥವಾ ಕ್ಷಮೆ ಕೇಳುತ್ತಿತ್ತು. ಒಳಗಿನಿಂದ ತುಂಗಾಳ ಸೋತ ದನಿ ಬಂತು, ಅತ್ಯಾ, ಬಂದ್ರೇನು ಎಂದು. ಬಂದೇನವಾ ಎಂದು ಅತ್ತೆ ಒಳಗೆ ಹೋದರು. ಎಣ್ಣೆ ಹಾಕುವಾಗ ಅವರ ಕೈ ಸ್ಥಿರವಾಗಿತ್ತು. ಹೊರಗೆ ಬಂದ ಮೇಲೆ ಓಣಿಯ ಕಟ್ಟೆಯ ಮೇಲೆ, ಯಾರು ಯಾರು ಕೂತೆದ್ದ ಕಟ್ಟೆಯೋ, ಕುಸಿದು ಕೂತರು.

ಅಂದಿನಿಂದ ನಾನು ಜ್ವರಕ್ಕೆ ಹೆದರುವುದನ್ನು ಮರೆತೆ. ತುಂಗಾಳ ಪ್ರಶ್ನೆಗಳಿಗೆ ಹೆದರತೊಡಗಿದೆ. ಇವರು ಹೆಂಗಿದ್ದಾರೆ ಎಂದು ಅವಳು ಕೇಳಿದಾಗಲೆಲ್ಲ ಅತ್ತೆ, ದೀಪ ಅದ, ನೀ ಮಲಕೋ ಎನ್ನುತ್ತಿದ್ದರು. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ದಸರೆಯ ಬೆಳಿಗ್ಗೆ ಅವಳು ನನ್ನ ಕಡೆ ಹಣೆ ಒಡ್ಡಿ, ಹಬ್ಬದ ದಿನ ಬರಿ ಹಣೆ ಬೇಡ, ಕುಂಕುಮ ಹಚ್ಚಿರಿ ಎಂದಳು. ಭರಣಿಯಲ್ಲಿ ಬೆರಳು ಅದ್ದಿದೆ. ಆ ಬೆರಳು ಅವಳ ಹಣೆಯ ತನಕ ಹೋಗಲು ಎಷ್ಟು ದೂರವಾಯಿತೆಂದು ನನಗೊಬ್ಬಳಿಗೇ ಗೊತ್ತು. ಹಚ್ಚಿ ಬಂದು ಹಿಂದಿನ ಪಡಸಾಲೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತೆ.

ದಸರೆ ಕಳೆಯಿತು. ಘಟ ವಿಸರ್ಜಿಸುವ ಹೊತ್ತು ಕಳೆಯಿತು. ಅತ್ತೆ ಮಾತ್ರ ದೀಪ ಬಿಡಲಿಲ್ಲ. ಊರಲ್ಲಿ ಹೊಗೆ ತೆಳುವಾಗುತ್ತ ಬಂತು, ಗವಳಿಯ ಮನೆಯವರು ಯಾರೋ ಮತ್ತೆ ಹಾಲು ತಂದರು. ದೌಂಡದಿಂದ ನಮ್ಮವರು ಕ್ಷೇಮವೆಂಬ ಸುದ್ದಿ ಬಂತು. ತುಂಗಾ ಗೋಡೆಗೊರಗಿ ಕೂರುವಷ್ಟಾದಳು. ಕೂತ ದಿನವೇ, ಇವರನ್ನ ಎಂದ ಕರಕೊಂಡ ಬರತಾರ್ರೀ, ನಾ ಒಂದಿಷ್ಟು ಅಡಗಿ ಮಾಡಬೇಕು ಎಂದಳು.

ಅತ್ತೆ ನನ್ನ ಕಡೆ ನೋಡಿದರು. “ನೀ ಹೊರಗ ಕೂಡು. ನಾ ಹೇಳತೇನಿ.”

ಹೊರಗಿನ ಕೋಣೆಯಲ್ಲಿ, ರಾಘಣ್ಣ ಮಲಗಿದ್ದ ಜಾಗದ ಪಕ್ಕದಲ್ಲಿ ಕೂತೆ. ಅತ್ತೆಯ ದನಿ ಸಣ್ಣಗೆ ಕೇಳಿಸಿತು, 
ಆಮೇಲೆ ನಿಂತಿತು. ಚೀರುತ್ತಾಳೆಂದು ಕಾದೆ. ಚೀರಲಿಲ್ಲ. ಎದೆಯೇ ನಿಂತಿತೋ ಎಂದು ಹೆದರಿ ಒಳಗೆ ಹೋದೆ. ಅತ್ತೆ ನೆಲದ ಮೇಲೆ ಕೂತಿದ್ದರು. ಸ್ನಾನವಿಲ್ಲದ, ಸೂತಕದ ಆ ಹುಡುಗಿಯ ತಲೆ ಅವರ ಮಡಿ ಸೀರೆಯ ಮಡಿಲಲ್ಲಿತ್ತು. ಹತ್ತು ಬೆರಳಿನಿಂದ ಅವಳ ಕೂದಲು ಸವರುತ್ತಿದ್ದರು.

ತುಂಗಾ ಕೇಳಿದಳು. “ಅಷ್ಟಮಿಗೇ ಅವರು ಹೋಗಿದ್ದರ, ಇಷ್ಟು ದಿನಾ ಯಾರ ಸಲುವಾಗಿ ಇಟ್ರಿ ದೀಪಾ?”

“ನಿನ್ನ ಸಲುವಾಗಿ,” ಎಂದರು ಅತ್ತೆ.

ಅವಳು ಮುಖ ತಿರುಗಿಸಿ ಮಾಡದ ಕಡೆ ನೋಡಿದಳು. ಎಣ್ಣೆ ತಳ ಕಂಡಿತ್ತು, ಬತ್ತಿ ಚಿಟಿಚಿಟಿ ಅನ್ನುತ್ತಿತ್ತು. ಸಂಜೆಯ ಹೊತ್ತು. ಅತ್ತೆ ಏಳಲಿಲ್ಲ. ಆರಲಿ ಎಂದು ಬಿಟ್ಟರೋ, ಇವಳು ಏನನ್ನುತ್ತಾಳೋ ಎಂದು ಕಾದರೋ ತಿಳಿಯಲಿಲ್ಲ. ಆರಿದರೆ ಈ ಹುಡುಗಿಯೂ ಜೊತೆಗೇ ಆರಿಹೋಗುತ್ತಾಳೆಂಬ ಮೂಢ ಭಯದಲ್ಲಿ ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ.

“ಅತ್ಯಾ,” ಎಂದಳು, “ಇವತ್ತ ನಾ ಹಾಕಲೇನ್ರೀ ಎಣ್ಣಿ?”

ಅತ್ತೆ ಅವಳನ್ನು ಎಬ್ಬಿಸಿ ಕೂರಿಸಿದರು. ನನ್ನ ಕಡೆ ತಿರುಗಿದರು. ನಾನು ಆ ಹೊತ್ತಿಗೆ ಮೂರು ಜಡ್ಡಿನ ಮನೆ ಹೊಕ್ಕು ಬಂದವಳು, ಮೈಗೆ ನೀರು ಸೋಕಿಸಿರಲಿಲ್ಲ.

“ಕೃಷ್ಣಾ,” ಎಂದರು, “ಆ ಗಿಂಡಿ ತಂದು ಆಕಿ ಕೈಯಾಗ ಕೊಡು.”

ತಂದು ಕೊಟ್ಟೆ. ತುಂಗಾ ಮಾಡದತ್ತ ಸರಿದು ಗಿಂಡಿ ಬಾಗಿಸಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು. ಮೊದಲ ಧಾರೆ ಮಾಡದ ಕಲ್ಲಿನ ಮೇಲೆ ಚೆಲ್ಲಿತು, ಉಳಿದದ್ದು ದೀಪಕ್ಕೆ ಬಿತ್ತು.